ಆ ಹುಡುಗಿಯ ಅರ್ಧ ಗುಂಟೆಗೆ ಕೈ ಹಾಕಬೇಡಿ



'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು ಹಿತ್ತಲ ಗಿಡವನ್ನು ಹೀಗಳೆಯಲಿಕ್ಕಲ್ಲ. ಕೈಗೆಟುಕುವುದನ್ನು ಕಡೆಗಣಿಸಿ ದೂರದ್ದಕ್ಕೆ ಬಾಯಿ ಬಿಡುವ ನಮ್ಮ ಬುದ್ಧಿಗೆ ಛೀಮಾರಿ ಹಾಕಲಿಕ್ಕೆ. ನಾವು ಆ ಛೀಮಾರಿಯನ್ನೇ ಉಪದೇಶ ಅಂತ ತಿಳಿದು ಹಿತ್ತಲಿಗೆ ಸಿಮೆಂಟು ಹಾಕಿಸಿಬಿಟ್ಟೆವು. ಈಗ ಯಾರಾದರೂ ಆ ಸಿಮೆಂಟಿನಾಚೆ ನಾಲ್ಕು ಗಿಡ ನೆಟ್ಟರೆ ನಗುತ್ತೇವೆ. ಇಲ್ಲವೇ 'ಎಕರೆಗೆ ಎಷ್ಟು ಬರುತ್ತೆ?' ಅಂತ ಕೇಳುತ್ತೇವೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಹೋಬಳಿಯ ಒಂದು ಹಳ್ಳಿಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳಿದ್ದಾಳೆ. ಹೆಸರು ಬರೆಯುವುದಿಲ್ಲ. ಬರೆದರೆ ನಾಳೆ ಬೆಳಗ್ಗೆಯೇ ಹಾರ ಹಿಡಿದವರು ಅವಳ ಮನೆ ಬಾಗಿಲಲ್ಲಿ ನಿಂತಿರುತ್ತಾರೆ. 2020ರಲ್ಲಿ ಕೊರೋನಾ ಬಂದು ಶಾಲೆಗಳಿಗೆ ಬೀಗ ಬಿದ್ದಾಗ ಆ ಮಗು ಅಜ್ಜಿಯ ಹಿಂದೆ ಹೊಲದ ಬದುವಿನ ಮೇಲೆ ತಿರುಗಿ ಸೊಪ್ಪು ಗುರುತು ಹಿಡಿಯುವುದನ್ನು ಕಲಿಯಿತು. ಶಾಲೆ ತೆರೆದ ಮೇಲೂ ಆ ಹುಚ್ಚು ಬಿಡಲಿಲ್ಲ. ಬೋರ್‌ವೆಲ್ ತೊಟ್ಟಿಯ ಕೆಳಗೆ ನೀರು ಸೋರಿ ಹೋಗುತ್ತಿದ್ದ, ನೇಗಿಲು ತಿರುಗದ ಒಂದು ಮೂಲೆ ಇತ್ತು. ಅಳೆದರೆ ಅರ್ಧ ಗುಂಟೆ. ಅದನ್ನು ಅಪ್ಪನ ಹತ್ತಿರ ಕೇಳಿ ಪಡೆದಳು. ಇವತ್ತು ಅಲ್ಲಿ ತುಳಸಿ, ದೊಡ್ಡಪತ್ರೆ, ಒಂದೆಲಗ, ಅಮೃತಬಳ್ಳಿ, ಲೋಳೆಸರ, ಆಡುಸೋಗೆ, ಮಜ್ಜಿಗೆ ಹುಲ್ಲು, ಪುದೀನ, ಬಸಳೆ, ಹೊನಗೊನ್ನೆ, ಚಕ್ರಮುನಿ, ನೆಲನೆಲ್ಲಿ, ಬಜೆ, ಲಾವಂಚ ಇವೆ. ಬದುವಿಗೆ ನುಗ್ಗೆ, ಕರಿಬೇವು.

ಇದು ಶಾಲೆಯಲ್ಲಿ ಕೊಟ್ಟ ಕೆಲಸವಲ್ಲ. ಮಾರ್ಕಿಲ್ಲ, ಬಹುಮಾನವಿಲ್ಲ, ಸಬ್ಸಿಡಿಯಂತೂ ಇಲ್ಲವೇ ಇಲ್ಲ. ಖಾಲಿ ಹಾಲಿನ ಪಾಕೀಟಿಗೆ ಮಣ್ಣು ತುಂಬಿ, ಕಡ್ಡಿ ನೆಟ್ಟು, ಬೇರು ಬಿಟ್ಟ ಮೇಲೆ ಕೇಳಿದವರಿಗೆ ಕೊಡುತ್ತಾಳೆ. ಕಾಸು ತೆಗೆದುಕೊಳ್ಳುವುದಿಲ್ಲ. ಒಂದೇ ಒಂದು ಕರಾರು: ತಗೊಂಡ ಗಿಡ ಬದುಕಿದರೆ, ಅದರಿಂದ ಇನ್ನೆರಡು ಮನೆಗೆ ಕೊಡಬೇಕು. ಯಾರಿಗೆ ಏನು ಕೊಟ್ಟೆ, ಅದು ಬದುಕಿತೋ ಒಣಗಿತೋ, ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ. ನಮ್ಮ ಎಷ್ಟು ಸೊಸೈಟಿಗಳ ಲೆಕ್ಕದ ಪುಸ್ತಕ ಇಷ್ಟು ಚೊಕ್ಕವಾಗಿದೆ, ನೀವೇ ಹೇಳಿ.

ಇಷ್ಟೇ ಆಗಿದ್ದರೆ ನಾನು ಪೆನ್ನು ಹಿಡಿಯುತ್ತಿರಲಿಲ್ಲ. ಈಗ ಆ ಅರ್ಧ ಗುಂಟೆಯ ಸುತ್ತ ಮೂರು ಥರದ ಜನ ಸೇರಿದ್ದಾರೆ. ನಗುವವರು, ಫೋಟೋದವರು, ಕೊಳ್ಳುವವರು. ಮೂವರೂ ಅದನ್ನು ಹಾಳು ಮಾಡುತ್ತಾರೆ. ಅದರಲ್ಲೂ ಮೂರನೆಯವರು ಮುಂಗಡದ ದುಡ್ಡು ಜೇಬಿನಲ್ಲಿಟ್ಟುಕೊಂಡು ಬಂದಿದ್ದಾರೆ. ಹುಡುಗಿಯ ಅಪ್ಪನಿಗೆ ಎರಡು ಬೋರು ಫೇಲಾದ ಸಾಲ ತಲೆ ಮೇಲಿದೆ. ಮಾತುಕತೆ ನಡೆಯುತ್ತಿದೆ. ಆದ್ದರಿಂದ ಈ ಲೇಖನ.

ನಗುವವರಿಗೆ

'ಸೊಪ್ಪು ಸದೆ ನೆಟ್ಟುಕೊಂಡು ಕೂತರೆ ಸಂಸಾರ ನಡೆಯುತ್ತಾ?' ಅಂತ ಅರಳಿಕಟ್ಟೆಯ ಮೇಲೆ ಕೂತು ಕೇಳುವ ಯಜಮಾನರೇ, ನಿಮ್ಮ ಸಂಸಾರದ ಲೆಕ್ಕವನ್ನೇ ತೆಗೆಯೋಣ. ನೀವು ಐದು ಎಕರೆ ಜಮೀನಿನ ಒಡೆಯರು. ಪಹಣಿ ನಿಮ್ಮ ಹೆಸರಲ್ಲಿದೆ. ಹೋದ ಸೋಮವಾರದ ಸಂತೆಯಲ್ಲಿ ನಿಮ್ಮ ಮನೆಯವರು ಏನೇನು ಕೊಂಡರು? ಕೊತ್ತಂಬರಿ ಸೊಪ್ಪು ಕೊಂಡರು. ಪುದೀನ ಕೊಂಡರು. ಕರಿಬೇವನ್ನೂ ಕೊಂಡರು! ಐದು ಎಕರೆ ಮಣ್ಣಿರುವವನು ಒಗ್ಗರಣೆಯ ಎಲೆಗೆ ದುಡ್ಡು ಕೊಡುವ ಕಾಲ ಬಂತು. ಇದಕ್ಕೆ ನಗು ಬರಬೇಕಿತ್ತು ನಿಮಗೆ.

ವಾರಕ್ಕೆ ಇಪ್ಪತ್ತೈದು ರೂಪಾಯಿ ಅಂತಲೇ ಹಿಡಿಯಿರಿ. ವರ್ಷಕ್ಕೆ 1,300 ರೂಪಾಯಿ. ಇನ್ನೂರು ಮನೆಯ ಊರಾದರೆ 2,60,000 ರೂಪಾಯಿ. ಹಿತ್ತಲಲ್ಲಿ ಪುಕ್ಕಟೆ ಬೆಳೆಯುವ ಎಲೆಗೆ ಒಂದು ಊರು ವರ್ಷಕ್ಕೆ ಕಟ್ಟುವ ಕಂದಾಯ ಇದು. ಸರ್ಕಾರ ಇಷ್ಟು ಕಂದಾಯ ಹಾಕಿದ್ದರೆ ನೀವೂ ನಾನೂ ತಾಲ್ಲೂಕು ಕಚೇರಿ ಮುಂದೆ ಧರಣಿ ಕೂರುತ್ತಿದ್ದೆವು. ನಮಗೆ ನಾವೇ ಹಾಕಿಕೊಂಡಿದ್ದಕ್ಕೆ ಯಾರ ಮುಂದೆ ಕೂರೋಣ?

ಇನ್ನೊಂದು ಮುಖ ನೋಡಿ. ಇದೇ ಕೊತ್ತಂಬರಿಯನ್ನು ನಮ್ಮವರೇ ನಲವತ್ತು ನಲವತ್ತೈದು ದಿನ ನೀರು ಕಟ್ಟಿ ಬೆಳೆಯುತ್ತಾರೆ. ಮಾರ್ಕೆಟ್ಟಿಗೆ ಮಾಲು ಜಾಸ್ತಿ ಬಂದ ದಿನ ಕಟ್ಟಿಗೆ ಕಟ್ಟುವ ಕೂಲಿಯೂ ಹುಟ್ಟುವುದಿಲ್ಲ. ಟ್ರಾಕ್ಟರಿಗೆ ರೋಟವೇಟರ್ ಹಾಕಿ ಹೊಲದಲ್ಲೇ ಮಣ್ಣಿಗೆ ಸೇರಿಸುತ್ತಾರೆ. ಅದೇ ವಾರ ಪಕ್ಕದ ಊರಿನ ಸಂತೆಯಲ್ಲಿ ಅದೇ ಸೊಪ್ಪನ್ನು ನಮ್ಮ ಹೆಂಗಸರು ಚೌಕಾಸಿ ಮಾಡಿ ಕೊಳ್ಳುತ್ತಿರುತ್ತಾರೆ. ಬೆಳೆಯುವಾಗಲೂ ಸೋಲು, ಕೊಳ್ಳುವಾಗಲೂ ಸೋಲು. ನಡುವೆ ಗೆದ್ದವನು ಯಾರು ಅಂತ ನಿಮಗೆ ಹೇಳಬೇಕಾಗಿಲ್ಲ.

ನಮ್ಮ ರಾಗಿ ಹೊಲದಲ್ಲಿ ಹಿಂದೆ ಅಕ್ಕಡಿ ಸಾಲು ಇರುತ್ತಿತ್ತು. ಅವರೆ, ತೊಗರಿ, ಹುಚ್ಚೆಳ್ಳು, ಜೋಳ. ಸಾಲಿನ ನಡುವೆ ಕಳೆ ಕೀಳುವ ಹೆಂಗಸರು ಸಂಜೆಗೆ ಮಡಿಲು ತುಂಬ ಬೆರಕೆ ಸೊಪ್ಪು ತರುತ್ತಿದ್ದರು. ಅಣ್ಣೆ, ಹೊನಗೊನ್ನೆ, ಗಣಿಕೆ, ಪಸಲೆ. ರಾತ್ರಿಗೆ ಬಸ್ಸಾರು, ಮುದ್ದೆ. ಬಿತ್ತದೆ, ನೀರು ಹಾಯಿಸದೆ, ಗೊಬ್ಬರವಿಲ್ಲದೆ ಬಂದ ಬೆಳೆ ಅದು. ಕಳೆನಾಶಕದ ಡಬ್ಬಿ ಬಂತು. ಅಕ್ಕಡಿ ಸಾಲು ಹೋಯಿತು, ಸೊಪ್ಪು ಹೋಯಿತು, ಸೊಪ್ಪಿನ ಹೆಸರುಗಳೂ ಹೋದವು. ನಿಮ್ಮ ಮನೆಯ ಹತ್ತನೇ ಕ್ಲಾಸಿನ ಹುಡುಗನನ್ನು ಬದುವಿನ ಮೇಲೆ ನಿಲ್ಲಿಸಿ ಐದು ಸೊಪ್ಪು ತೋರಿಸಪ್ಪ ಅನ್ನಿ. ಡಬ್ಬಿಯ ಮೇಲಿನ ಔಷಧಿ ಹೆಸರನ್ನು ಇಂಗ್ಲಿಷಿನಲ್ಲಿ ಓದುತ್ತಾನೆ. ಕಾಲಡಿಯ ಸೊಪ್ಪಿನ ಹೆಸರು ಗೊತ್ತಿರುವುದಿಲ್ಲ. ಆ ಹುಡುಗಿಗೆ ಗೊತ್ತಿದೆ. ನಾವು ಕಳೆದುಕೊಂಡದ್ದನ್ನು ಒಬ್ಬಳು ಮಗಳು ಆರಿಸಿ ತಂದು ಇಡುತ್ತಿದ್ದಾಳೆ. ಅದಕ್ಕೆ ನಗುತ್ತೀರಲ್ಲ!

ಅವಳ ಕರಾರಿನ ಶಕ್ತಿಯನ್ನೂ ನೋಡಿ. ಒಂದು ಕಡ್ಡಿ ಎರಡು ಮನೆಗೆ, ಎರಡು ನಾಲ್ಕಕ್ಕೆ, ನಾಲ್ಕು ಎಂಟಕ್ಕೆ. ಹತ್ತನೇ ಸುತ್ತಿಗೆ ಸಾವಿರ ಮನೆ ದಾಟುತ್ತದೆ. ಚಕ್ರಬಡ್ಡಿ ಹೇಗೆ ಬೆಳೆಯುತ್ತದೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೀವಮಾನದಲ್ಲಿ ಒಮ್ಮೆಯಾದರೂ ಚಕ್ರಬಡ್ಡಿ ನಮ್ಮ ಕಡೆಗೆ ಓಡಲಿ ಬಿಡಿ.

ಫೋಟೋದವರಿಗೆ

ಎರಡನೆಯವರು ಒಳ್ಳೆಯ ಬಟ್ಟೆ ಹಾಕಿಕೊಂಡು ಬರುತ್ತಾರೆ. ಶಾಲು ಹೊದಿಸುತ್ತಾರೆ. ಹುಡುಗಿಯ ಕೈಗೆ ಒಂದು ಸಸಿ ಕೊಟ್ಟು, ಅದರ ಮೇಲೆ ನಾಲ್ಕು ಜನ ಕೈ ಇಟ್ಟು, ಫೋಟೋ ತೆಗೆಸಿಕೊಂಡು ಹೋಗುತ್ತಾರೆ. ಮಳೆ ನಿಂತ ಮೇಲೆ ಆ ಸಸಿಗೆ ನೀರು ಹಾಕಲು ಬಂದವರನ್ನು ನಾನು ಕಂಡಿಲ್ಲ. ಈಗ ಅವರ ಹೊಸ ಯೋಚನೆ ಏನೆಂದರೆ, ಇದನ್ನು ಎಲ್ಲ ಶಾಲೆಗಳಲ್ಲೂ ಕಡ್ಡಾಯ ಮಾಡಬೇಕು, ಇದಕ್ಕೆ ಮಾರ್ಕು ಕೊಡಬೇಕು!

ಮಾರ್ಕು ಕೊಟ್ಟರೆ ಏನಾಗುತ್ತದೆ, ಮಕ್ಕಳಿರುವವರಿಗೆಲ್ಲ ಗೊತ್ತು. 'ಪ್ರಾಜೆಕ್ಟು' ಅನ್ನುವ ಹೆಸರಿನಲ್ಲಿ ಅಂಗಡಿಯಿಂದ ಚಾರ್ಟು ತರಬೇಕು, ಬಣ್ಣದ ಚಿತ್ರ ಕತ್ತರಿಸಿ ಅಂಟಿಸಬೇಕು, ರಾತ್ರಿ ಅಪ್ಪ ಅಮ್ಮ ಕೂತು ಬರೆದು ಕೊಡಬೇಕು. ಒಂದೆಲಗದ ಚಿತ್ರ ಅಂಟಿಸಿದ ಮಗುವಿಗೆ ಹಿತ್ತಲಿನ ಒಂದೆಲಗ ಗೊತ್ತಾಗುವುದಿಲ್ಲ. ಇನ್‌ಸ್ಪೆಕ್ಟರ್ ಬರುವ ದಿನಕ್ಕೆ ನರ್ಸರಿಯಿಂದ ಬಾಡಿಗೆ ಕುಂಡ ತಂದು ಜೋಡಿಸುವುದನ್ನೂ ಕಾಣಬೇಕಾಗುತ್ತದೆ.

ಕೈಕೆಲಸದ ಮೂಲಕ ಪಾಠ ಕಲಿಸಬೇಕು ಅನ್ನುವುದು ಹೊಸ ಮಾತಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಇದನ್ನೇ ಹೇಳಿದರು. ಜಾಕೀರ್ ಹುಸೇನರ ಸಮಿತಿ ಅದಕ್ಕೆ ಪಠ್ಯಕ್ರಮವನ್ನೂ ಬರೆಯಿತು. ಮೂಲಶಿಕ್ಷಣ ಅಂತ ಅದಕ್ಕೆ ಹೆಸರಾಯಿತು. ಆಮೇಲೆ ಏನಾಯಿತು? ಚರಕ ಮೂಲೆ ಸೇರಿತು, ತೋಟದ ಪೀರಿಯಡ್ಡಿನಲ್ಲಿ ಮಕ್ಕಳು ಮೇಷ್ಟ್ರ ಮನೆಗೆ ನೀರು ಹೊತ್ತರು. ಮೇಲಿನಿಂದ ಸುತ್ತೋಲೆಯಾಗಿ ಇಳಿದದ್ದು ಕೆಳಗೆ ಬೇರು ಬಿಡಲಿಲ್ಲ. ಈ ಹುಡುಗಿಯದು ಬೇರಿನಿಂದಲೇ ಎದ್ದದ್ದು. ತಪ್ಪು ಮಾಡಿ ಕಲಿತಿದ್ದಾಳೆ. ಮಜ್ಜಿಗೆ ಹುಲ್ಲನ್ನು ನೆರಳಿಗೆ ಹಾಕಿ ಕೊಳೆಸಿದಳು, ಒಂದೆಲಗವನ್ನು ಬಿಸಿಲಿಗೆ ಹಾಕಿ ಸುಟ್ಟಳು, ಎರಡನ್ನೂ ಜಾಗ ಬದಲಾಯಿಸಿ ಉಳಿಸಿಕೊಂಡಳು. ಇದನ್ನು ಯಾವ ಚಾರ್ಟು ಕಲಿಸುತ್ತದೆ?

ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಶಾಲೆಯ ಮಕ್ಕಳನ್ನು ಅವಳ ಮೂಲೆಗೆ ಕರೆದುಕೊಂಡು ಬನ್ನಿ. ಅವಳು ಮಾತಾಡಲಿ, ನೀವು ಕೇಳಿ. ಆಸೆ ಹುಟ್ಟಿದ ಮಗುವಿಗೆ ಒಂದು ಕಡ್ಡಿ ಕೊಡಿಸಿ. ಆಸೆ ಹುಟ್ಟದವರನ್ನು ಬಿಟ್ಟುಬಿಡಿ. ಎಲ್ಲರಿಗೂ ಗಿಡದ ಹುಚ್ಚೇ ಹಿಡಿಯಬೇಕಾಗಿಲ್ಲ. ಒಬ್ಬನಿಗೆ ಮೋಟಾರು ರಿಪೇರಿಯ ಹುಚ್ಚು, ಇನ್ನೊಬ್ಬಳಿಗೆ ಜೇನಿನ ಹುಚ್ಚು. ಹುಚ್ಚಿಗೆ ದಾರಿ ಬಿಡುವುದಷ್ಟೇ ಹಿರಿಯರ ಕೆಲಸ.

ಕೊಳ್ಳುವವರಿಗೆ

ಈಗ ಮೂರನೆಯವರು. ಇವರ ಮಾತು ಬೆಲ್ಲ. 'ನಿಮ್ಮ ಮಗಳಿಗೆ ಒಳ್ಳೆ ಕೈಗುಣ ಇದೆ ಗೌಡ್ರೇ. ಅರ್ಧ ಗುಂಟೆಯಲ್ಲಿ ಯಾಕೆ ಇರ್ತೀರಿ? ಎರಡು ಎಕರೆ ಹಾಕಿ. ಸಸಿ ನಾವು ಕೊಡ್ತೀವಿ, ಬೆಳೆದದ್ದನ್ನು ನಾವೇ ಎತ್ತುತೀವಿ. ಕರಾರು ಮಾಡ್ಕೊಳ್ಳೋಣ.' ಸಸಿಗೆ ದುಡ್ಡು ಯಾರದು? ಗೌಡರದ್ದು. ಕೈಲಿಲ್ಲದಿದ್ದರೆ ಬ್ಯಾಂಕಿನಲ್ಲಿ ಮಾತಾಡಿ ಕೊಡಿಸುತ್ತಾರಂತೆ. ಪಹಣಿ ಅಡ ಇಟ್ಟರೆ ಸಾಕಂತೆ!

ಈ ರಾಗ ನಮಗೆ ಹೊಸದಲ್ಲ. 2003ರ ಸುಮಾರಿಗೆ ಮಲೆನಾಡಿನಲ್ಲೂ ಕರಾವಳಿಯಲ್ಲೂ ವೆನಿಲಾ ಅನ್ನುವ ಬಳ್ಳಿ ದೇವರಾಗಿತ್ತು. ಮಡಗಾಸ್ಕರಿನಲ್ಲಿ 2000ದಲ್ಲಿ ಚಂಡಮಾರುತ ಹೊಡೆದು ಅಲ್ಲಿನ ಬಳ್ಳಿ ನಾಶವಾದದ್ದಕ್ಕೆ ಇಲ್ಲಿ ಹಸಿ ಕೋಡಿನ ಬೆಲೆ ಕಿಲೋಗೆ ಸಾವಿರಗಟ್ಟಲೆ ರೂಪಾಯಿಗೆ ಏರಿತು. ಗೇಣುದ್ದದ ಬಳ್ಳಿಯ ತುಂಡನ್ನೂ ಚಿನ್ನದ ಹಾಗೆ ಮಾರಿದರು. ತೋಟಕ್ಕೆ ರಾತ್ರಿ ಕಾವಲು ಹಾಕಿದರು. ಮಡಗಾಸ್ಕರ್ ಚೇತರಿಸಿಕೊಂಡಿತು, ಕೊಳ್ಳುವ ಕಂಪನಿಗಳು ಕೃತಕ ವೆನಿಲಿನ್ನಿಗೆ ಹೊರಳಿದವು, ಒಂದೆರಡು ವರ್ಷದೊಳಗೆ ಬೆಲೆ ನೆಲ ಕಚ್ಚಿತು. ಬಳ್ಳಿ ಕಿತ್ತು ಹಾಕುವುದು ಸುಲಭ. ಬಳ್ಳಿಗಾಗಿ ಮಾಡಿದ ಸಾಲವನ್ನು ಕಿತ್ತು ಹಾಕಲು ಬರುತ್ತದೆಯೇ?

ಆಮೇಲೆ ಶ್ವೇತಮುಸಲಿ ಬಂತು, ಸ್ಟೀವಿಯಾ ಬಂತು, ಕೋಲಿಯಸ್ ಅಂತ ಕಂಪನಿಯವರು ಕರೆಯುವ ಮಾಕಂದಿ ಬೇರು ಬಂತು. ಗಿಡಗಳ ಮೇಲೆ ನನಗೆ ಸಿಟ್ಟಿಲ್ಲ. ಗಿಡದ ತಪ್ಪೇನೂ ಇಲ್ಲ. ವ್ಯವಹಾರದ ಕಟ್ಟಡ ನೋಡಿ. ಕೇಂದ್ರ ಸರ್ಕಾರ ಬೆಂಬಲ ಬೆಲೆ ಘೋಷಿಸುವ 22 ಬೆಳೆಗಳ ಪಟ್ಟಿಯಲ್ಲಿ ಇವು ಯಾವುವೂ ಇಲ್ಲ. ಕೊಳ್ಳುವವರು ಬೆರಳೆಣಿಕೆಯಷ್ಟು. ಸಂತೆಗೆ ಹೊತ್ತರೆ ಕೇಳುವವರಿಲ್ಲ, ಮನೆಯಲ್ಲಿ ಇಟ್ಟರೆ ಬೂಷ್ಟು. 'ಸತ್ವ ಕಡಿಮೆ ಇದೆ, ತೇವ ಜಾಸ್ತಿ ಇದೆ' ಅಂತ ಅವರದೇ ಯಂತ್ರದಲ್ಲಿ ಅವರೇ ನೋಡಿ ಅವರೇ ಹೇಳಿದರೆ ನೀವು ಯಾವ ತಕ್ಕಡಿ ಹಿಡಿದು ವಾದ ಮಾಡುತ್ತೀರಿ? ಸಾಲದ್ದಕ್ಕೆ, ಈ ದೇಶದಲ್ಲಿ ಔಷಧಿ ಕಂಪನಿಗಳು ಬಳಸುವ ಬಹುಪಾಲು ಜಾತಿಯ ಗಿಡಮೂಲಿಕೆ ಇವತ್ತಿಗೂ ಕಾಡಿನಿಂದ ಕಿತ್ತು ತಂದದ್ದು. ಕಾಡಿನಲ್ಲಿ ಕೀಳುವ ಬಡವನಿಗೆ ಕೊಡುವ ಪುಡಿಗಾಸಿನ ಬೆಲೆಯ ಜೊತೆ ನಿಮ್ಮ ಗೊಬ್ಬರ, ನೀರು, ಆಳಿನ ಖರ್ಚಿನ ಬೆಲೆ ಪೈಪೋಟಿ ಮಾಡಬೇಕು. ಅವನನ್ನೂ ತುಳಿಯುವ, ನಿಮ್ಮನ್ನೂ ತುಳಿಯುವ ಕಾಲು ಒಂದೇ.

ಕರಾರಿನ ಮಾತು ಬಂದಾಗ ನೆನಪಿರಲಿ. 2020ರಲ್ಲಿ ಕೇಂದ್ರ ತಂದ ಮೂರು ಕೃಷಿ ಕಾಯ್ದೆಗಳಲ್ಲಿ ಒಂದು ಈ ಕರಾರು ಬೇಸಾಯದ್ದೇ. ಕರಾರು ಮುರಿದರೆ ರೈತ ಸಿವಿಲ್ ಕೋರ್ಟಿಗೆ ಹೋಗುವಂತಿಲ್ಲ, ಉಪವಿಭಾಗಾಧಿಕಾರಿಯ ಮುಂದೆ ನಿಲ್ಲಬೇಕು ಅಂತ ಅದರಲ್ಲಿ ಬರೆದಿತ್ತು. ದೆಹಲಿಯ ಗಡಿಯಲ್ಲಿ ವರ್ಷವಿಡೀ ಚಳಿ ಮಳೆಯಲ್ಲಿ ಕೂತು ರೈತರು 2021ರಲ್ಲಿ ಆ ಕಾಯ್ದೆಗಳನ್ನು ವಾಪಸು ತೆಗೆಸಿದರು. ಕಾಯ್ದೆ ಹೋಯಿತು. ಛಾಪಾ ಕಾಗದ ಹಿಡಿದು ಊರಿಗೆ ಬರುವವನು ಹೋಗಿಲ್ಲ.

ಹುಡುಗಿಯ ಅಪ್ಪನಿಗೂ, ಅವನಂಥ ಸಾವಿರ ಅಪ್ಪಂದಿರಿಗೂ ನನ್ನ ಮಾತು ಇಷ್ಟೇ. ಅಣ್ಣ, ನಿನಗೆ ಬೆಳೆಯಬೇಕು ಅನ್ನಿಸಿದರೆ ಬೆಳಿ. ಬಜೆ, ದವನದಂಥವನ್ನು ನಮ್ಮ ತುಮಕೂರಿನ ಕಡೆ ಹಿಂದಿನಿಂದಲೂ ಬೆಳೆದವರಿದ್ದಾರೆ. ಅವರ ಹೊಲಕ್ಕೇ ಹೋಗಿ ಹತ್ತು ವರ್ಷದ ಬೆಲೆ ಕೇಳಿಕೊಂಡು ಬಾ. ಹತ್ತು ಗುಂಟೆ ಮಾಡು, ನಿನ್ನ ಸ್ವಂತ ದುಡ್ಡಲ್ಲಿ ಮಾಡು. ಅಡ ಇಟ್ಟ ಪಹಣಿಯ ಮೇಲೆ ಮಾಡಬೇಡ. ಮಗಳ ಮೂಲೆಯನ್ನಂತೂ ಆ ಕರಾರಿನೊಳಗೆ ಸೇರಿಸಲೇಬೇಡ. ಇವತ್ತು ಅಲ್ಲಿಂದ ಯಾರು ಬೇಕಾದರೂ ಕಡ್ಡಿ ಒಯ್ಯಬಹುದು. ಕರಾರಿಗೆ ರುಜು ಬಿದ್ದ ಮರುದಿನ ಅದಕ್ಕೆ ಬೇಲಿ ಬೀಳುತ್ತದೆ. 'ನಮ್ಮ ಸಸಿ ಬೇರೆಯವರಿಗೆ ಕೊಡುವಂತಿಲ್ಲ' ಅಂತ ಅವಳಿಗೇ ಕಟ್ಟಳೆ ಬರುತ್ತದೆ. ಮಗಳು ತನ್ನ ತೋಟದಲ್ಲೇ ಕೂಲಿಯವಳಾಗುತ್ತಾಳೆ.

ಸುಳ್ಳು ಭರವಸೆ ಬೇಡ

ಇಷ್ಟು ಹೇಳಿದ ಮೇಲೆ ಇನ್ನೊಂದು ಮಾತನ್ನು ನೇರವಾಗಿ ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಹಿತ್ತಲ ಗಿಡ ಸಾಲ ತೀರಿಸುವುದಿಲ್ಲ. ಕೇಂದ್ರ ಸರ್ಕಾರದ 2018-19ರ ಸಮೀಕ್ಷೆಯ ಪ್ರಕಾರವೇ ದೇಶದ ರೈತ ಕುಟುಂಬಗಳಲ್ಲಿ ಶೇಕಡಾ 50.2 ಸಾಲದಲ್ಲಿದ್ದವು, ಕುಟುಂಬಕ್ಕೆ ಸರಾಸರಿ 74,121 ರೂಪಾಯಿ ಸಾಲ ಇತ್ತು. ಇದನ್ನು ದೊಡ್ಡಪತ್ರೆ ಎಲೆ ತೀರಿಸುತ್ತದೆಯೇ? 'ರೈತರು ಕೈತೋಟ ಮಾಡಿಕೊಂಡರೆ ಸಾಕು, ಸ್ವಾವಲಂಬಿಗಳಾಗುತ್ತಾರೆ' ಅಂತ ವೇದಿಕೆ ಮೇಲೆ ಭಾಷಣ ಬಿಗಿಯುವವರನ್ನು ಕಂಡರೆ ಮೈ ಉರಿಯುತ್ತದೆ. ಸೊಪ್ಪು ಬೆಳೆದುಕೊಂಡು ಸುಮ್ಮನಿರಿ, ಬೆಲೆ ಕೇಳಬೇಡಿ ಅನ್ನುವುದು ಆ ಭಾಷಣದ ತಿರುಳು. ರಾಗಿಗೆ, ಕೊಬ್ಬರಿಗೆ, ಟೊಮ್ಯಾಟೋಗೆ ಖರ್ಚು ಲೆಕ್ಕ ಹಾಕಿದ ಬೆಲೆ ಕೊಡಿ ಅನ್ನುವ ನಮ್ಮ ಕೂಗು ಒಂದಿಂಚೂ ತಗ್ಗಬಾರದು.

ಹಾಗೆಯೇ ಹಿತ್ತಲ ಗಿಡ ಎಲ್ಲ ಕಾಯಿಲೆಗೂ ಮದ್ದಲ್ಲ. ನೆಗಡಿ, ಕೆಮ್ಮು, ಅಜೀರ್ಣಕ್ಕೆ ನಮ್ಮ ಅವ್ವಂದಿರು ಮಾಡುತ್ತಿದ್ದ ಕಷಾಯ ಮಾಡಿಕೊಳ್ಳಿ. ಹಾವು ಕಚ್ಚಿದರೆ ಸೀದಾ ಆಸ್ಪತ್ರೆಗೆ ಓಡಿ. ಕ್ಷಯಕ್ಕೆ, ಸಕ್ಕರೆ ಕಾಯಿಲೆಗೆ, ಎದೆನೋವಿಗೆ ಸೊಪ್ಪು ಅರೆಯುತ್ತಾ ಕೂರಬೇಡಿ. ತಡ ಮಾಡಿ ಹೋದ ಕಾಯಿಲೆಗೆ ಖರ್ಚು ಜಾಸ್ತಿ. ಆಸ್ಪತ್ರೆಗೆ ಮಾಡಿದ ಸಾಲವೇ ಎಷ್ಟೋ ಮನೆಯ ಹೊಲ ನುಂಗಿದೆ.

'ಗಿಡಮೂಲಿಕೆ ತಾನೇ, ತೊಂದರೆ ಇಲ್ಲ' ಅನ್ನುವುದೂ ಅಪಾಯದ ಮಾತು. ಕೊರೋನಾ ಕಾಲದಲ್ಲಿ ಜನ ಮುಗಿಬಿದ್ದು ಅಮೃತಬಳ್ಳಿ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಅದನ್ನು ಕುಡಿದ ಕೆಲವರಿಗೆ ಪಿತ್ತಜನಕಾಂಗಕ್ಕೆ ಪೆಟ್ಟಾದದ್ದನ್ನು ವರದಿ ಮಾಡಿದರು. ಅದನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯಿಂದ ಹಾಗಾಗಿರಬಹುದು ಅಂತ ಆಯುಷ್ ಮಂತ್ರಾಲಯ ಹೇಳಿತು. ಬಳ್ಳಿಯ ದೋಷವೋ ಗುರುತಿನ ದೋಷವೋ, ಕುಡಿದವನ ಪಾಡು ಒಂದೇ ತಾನೇ? ಚಕ್ರಮುನಿ ಸೊಪ್ಪು ಪಲ್ಯಕ್ಕೆ, ಸಾರಿಗೆ ಬಲು ಚೆನ್ನ. ಅದನ್ನೇ ತೈವಾನಿನಲ್ಲಿ 1990ರ ದಶಕದಲ್ಲಿ ಮೈ ಕರಗಲಿ ಅಂತ ದಿನವೂ ಹಸಿ ರಸ ಮಾಡಿ ಕುಡಿದು ಎಷ್ಟೋ ಜನ ಶ್ವಾಸಕೋಶ ಕೆಡಿಸಿಕೊಂಡರು.

ಆ ಹುಡುಗಿಯ ನೋಟ್‌ಬುಕ್ಕಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ಪ್ರತಿ ಗಿಡಕ್ಕೂ ಒಂದು ಪುಟ. ಊರಿನಲ್ಲಿ ಕರೆಯುವ ಹೆಸರು, ಪಕ್ಕದ ಊರಿನ ಹೆಸರು, ಪುಸ್ತಕದ ಹೆಸರು. ಅದನ್ನು ಹೋಲುವ ಬೇರೆ ಗಿಡ ಯಾವುದು. ಯಾರು ಹೇಳಿಕೊಟ್ಟರು. ಯಾವ ಭಾಗ ಬಳಸಬೇಕು, ಯಾರು ಬಳಸಬಾರದು. 'ಬ್ರಾಹ್ಮಿ' ಅಂತ ಕೆಲವರು ಒಂದೆಲಗಕ್ಕೆ ಅನ್ನುತ್ತಾರೆ, ಕೆಲವರು ನೀರುಬ್ರಾಹ್ಮಿಗೆ ಅನ್ನುತ್ತಾರೆ. ಎರಡೂ ಬೇರೆ ಬೇರೆ ಗಿಡ. ಅವಳು ಎರಡನ್ನೂ ನೆಟ್ಟು ಎರಡಕ್ಕೂ ಚೀಟಿ ಹಾಕಿದ್ದಾಳೆ. ಗೊತ್ತಿಲ್ಲದ್ದಕ್ಕೆ 'ಗೊತ್ತಿಲ್ಲ, ಡಾಕ್ಟರನ್ನು ಕೇಳಿ' ಅಂತ ಬರೆದಿದ್ದಾಳೆ. ಟೀವಿಯಲ್ಲಿ ಕೂತು ಸಕಲ ರೋಗಕ್ಕೂ ಪುಡಿ ಮಾರುವವರಿಗೆ ಈ ಮರ್ಯಾದೆ ಇದೆಯೇ?

ಹಂಚುವುದು ನಮ್ಮ ಹಕ್ಕು

ಕಡ್ಡಿ ಹಂಚುವುದು ಮಕ್ಕಳಾಟ ಅಂತ ತಿಳಿದವರು ಸ್ವಲ್ಪ ಹಿಂದಕ್ಕೆ ನೋಡಲಿ. ನಮ್ಮ ಅಡಿಗೆ ಮನೆಯ ಅರಿಸಿನ ಗಾಯಕ್ಕೆ ಮದ್ದು ಅಂತ ಅಮೆರಿಕದ ಒಂದು ವಿಶ್ವವಿದ್ಯಾಲಯ 1995ರಲ್ಲಿ ಪೇಟೆಂಟ್ ಪಡೆಯಿತು. ನಮ್ಮ ಸಿ.ಎಸ್.ಐ.ಆರ್. ಸಂಸ್ಥೆ ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ 1997ರಲ್ಲಿ ರದ್ದು ಮಾಡಿಸಿತು. ಬೇವಿನ ಎಣ್ಣೆ ಗಿಡದ ರೋಗಕ್ಕೆ ಮದ್ದು ಅಂತ ಗ್ರೇಸ್ ಎಂಬ ಕಂಪನಿಯೂ ಅಮೆರಿಕದ ಕೃಷಿ ಇಲಾಖೆಯೂ ಸೇರಿ ಯೂರೋಪಿನಲ್ಲಿ 1994ರಲ್ಲಿ ಪೇಟೆಂಟ್ ಪಡೆದವು. ಅದು 2000ದಲ್ಲಿ ರದ್ದಾಗಿ, ಮೇಲ್ಮನವಿಯೂ ಬಿದ್ದುಹೋಗಲು 2005ರವರೆಗೆ ಕಾಯಬೇಕಾಯಿತು. ಬೇವಿನ ಮರದ ಕೆಳಗೆ ಹುಟ್ಟಿ ಬೆಳೆದ ನಾವು ಬೇವು ನಮ್ಮದು ಅಂತ ಹೇಳಿಸಿಕೊಳ್ಳಲು ಪರದೇಶದ ಕಚೇರಿಯಲ್ಲಿ ಹತ್ತು ವರ್ಷ ನಿಲ್ಲಬೇಕಾಯಿತು!

ಹಂಚುವ ಹಕ್ಕು ಕಾನೂನಿನಲ್ಲೂ ಇದೆ. 2001ರ ಸಸ್ಯತಳಿ ರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೇ ಕಲಮು ಓದಿ. ರೈತ ತನ್ನ ಬೆಳೆಯ ಬೀಜವನ್ನು ಉಳಿಸಿಕೊಳ್ಳಬಹುದು, ಬಿತ್ತಬಹುದು, ವಿನಿಮಯ ಮಾಡಿಕೊಳ್ಳಬಹುದು, ಹಂಚಬಹುದು, ಮಾರಲೂಬಹುದು. ಬ್ರಾಂಡಿನ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ. ಈ ಹಕ್ಕು ಯಾರೋ ದಯಪಾಲಿಸಿದ್ದಲ್ಲ, ದೇಶದ ರೈತರು ಬೀದಿಗಿಳಿದು ಪಡೆದದ್ದು. ಬಳಸದ ಹಕ್ಕು ತುಕ್ಕು ಹಿಡಿಯುತ್ತದೆ. ಹಾಲಿನ ಪಾಕೀಟಿನಲ್ಲಿ ಕಡ್ಡಿ ಕೊಡುವ ಆ ಹುಡುಗಿ ನಮ್ಮೆಲ್ಲರ ಪರವಾಗಿ ಆ ಹಕ್ಕನ್ನು ಬಳಸುತ್ತಿದ್ದಾಳೆ.

2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡ, ತಳಿ, ತಿಳಿವಳಿಕೆಯನ್ನೆಲ್ಲ ಬರೆದಿಟ್ಟ ಜನತಾ ದಾಖಲೆ ಪುಸ್ತಕ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕ ತೋರಿಸ್ರೀ ಅಂತ ಕೇಳಿ. ಯಾರು ಬರೆದರು, ಯಾರನ್ನು ಕೇಳಿ ಬರೆದರು ಅಂತಲೂ ಕೇಳಿ. ಊರಿನ ಅಜ್ಜಿಯರನ್ನು ಕೇಳದೆ ಬರೆದ ಪುಸ್ತಕವಾಗಿದ್ದರೆ ಗ್ರಾಮಸಭೆಯಲ್ಲಿ ಎದ್ದು ನಿಂತು ತಿದ್ದಿಸಿ. 2023ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ಗ್ರಂಥಗಳಲ್ಲಿ ಬರೆದಿಟ್ಟ ವಿದ್ಯೆಯನ್ನು ಬಳಸುವವರಿಗೆ ಲಾಭ ಹಂಚುವ ಹೊಣೆಯನ್ನು ಸಡಿಲಿಸಿದ್ದಾರೆ. ನಮ್ಮ ಅಜ್ಜಿಯರ ವಿದ್ಯೆ ಯಾವ ಗ್ರಂಥದಲ್ಲಿದೆ? ಅದು ಅವರ ನಾಲಿಗೆಯ ಮೇಲಿದೆ. ಅವರ ಜೊತೆಗೇ ಮಣ್ಣಿಗೆ ಹೋಗುತ್ತಿದೆ.

ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಿನಗೂಲಿಗೆ ಸೇರಿ, ಯಾವ ಮರದ ಬೀಜ ಯಾವಾಗ ಆರಿಸಬೇಕು, ಹೇಗೆ ಮೊಳೆಸಬೇಕು ಅನ್ನುವುದನ್ನು ಅಂಗೈ ಗೆರೆಯಂತೆ ತಿಳಿದಿದ್ದರು. ಬರಿಗಾಲಲ್ಲಿ ಹೋಗಿ ರಾಷ್ಟ್ರಪತಿಗಳಿಂದ ಪದ್ಮಶ್ರೀ ಪಡೆದರು. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರನ್ನು ಹೊಗಳಿ ಬರೆದವರು ಸಾವಿರ. ಅವರ ವಿದ್ಯೆ ಕಲಿತವರು ಎಷ್ಟು ಮಂದಿ? ನಮ್ಮೂರಿನ ಅಜ್ಜಿಗೆ ಒಬ್ಬ ಮೊಮ್ಮಗಳಾದರೂ ಸಿಕ್ಕಿದ್ದಾಳೆ.

ನಿಮ್ಮಿಂದ ಆಗಬೇಕಾದ್ದು

ಜಮೀನು ಇರುವುದು ನಿಮ್ಮ ಕೈಲಿ. ಆದ್ದರಿಂದ ಕೇಳುತ್ತಿರುವುದೂ ನಿಮ್ಮನ್ನೇ.

ನಿಮ್ಮ ಮನೆಯ ಮಗಳೋ ಸೊಸೆಯೋ ಮೊಮ್ಮಗನೋ ಒಂದು ಮೂಲೆ ಕೇಳಿದರೆ ಕೊಡಿ. ಪಾತ್ರೆ ತೊಳೆದ ನೀರು, ಬೋರಿನ ತೊಟ್ಟಿಯಿಂದ ಸೋರುವ ನೀರು ಅದಕ್ಕೆ ಸಾಕು. ಕೊಟ್ಟ ಮೇಲೆ 'ಅಲ್ಲಿ ಎರಡು ಅಡಿಕೆ ಸಸಿ ಇಟ್ಟಿದ್ದರೆ ಆಗ್ತಿತ್ತು' ಅಂತ ದಿನಾ ಗೊಣಗಬೇಡಿ.

ಆ ಮೂಲೆಯ ಸುತ್ತ ಹತ್ತು ಮಾರು, ಬದುವಿನ ಮೇಲೂ, ಕಳೆನಾಶಕ ಹೊಡೆಯಬೇಡಿ. ಒಂದು ಹೊಲದಲ್ಲಾದರೂ ಅಕ್ಕಡಿ ಸಾಲು ಹಾಕಿ ನೋಡಿ.

ಕಡ್ಡಿ ಕಾಲೋನಿಯ ಮನೆಗಳಿಗೂ ಹೋಗಲಿ. ಆ ಹುಡುಗಿ ಅಲ್ಲಿಗೂ ಕೊಟ್ಟಿದ್ದಕ್ಕೆ ಹುಬ್ಬು ಗಂಟಿಕ್ಕಿದ ದೊಡ್ಡವರಿದ್ದಾರೆ ಅಂತ ಕೇಳಿದ್ದೇನೆ. ನಿಮ್ಮ ಹೊಲದ ಕಳೆ ಕಿತ್ತವರು ಯಾರು ಸ್ವಾಮಿ? ಬೆರಕೆ ಸೊಪ್ಪಿನ ಹೆಸರು ನಿಮಗಿಂತ ಹೆಚ್ಚು ಗೊತ್ತಿರುವುದು ಯಾರಿಗೆ? ಅಂಗಳದಷ್ಟೂ ನೆಲವಿಲ್ಲದವರಿಗೆ ಒಂದು ಕುಂಡದ ಗಿಡ ಹೋದರೆ ನಿಮ್ಮ ಪಹಣಿಯೇನೂ ಸವೆಯುವುದಿಲ್ಲ.

ಊರ ಜಾತ್ರೆಯಲ್ಲಿ ಬಳೆ ಅಂಗಡಿ, ಬತ್ತಾಸಿನ ಅಂಗಡಿ ಪಕ್ಕ ಒಂದು ಚಪ್ಪರ ಹಾಕಿ. ಬೀಜ, ಕಡ್ಡಿ, ಗಡ್ಡೆ ಇರುವವರು ತರಲಿ, ಇಲ್ಲದವರು ಒಯ್ಯಲಿ. ಅಲ್ಲಿ ದುಡ್ಡು ಮುಟ್ಟುವಂತಿಲ್ಲ ಅಂತ ಕಟ್ಟಪ್ಪಣೆ ಮಾಡಿ.

ಛಾಪಾ ಕಾಗದ ಹಿಡಿದು ಯಾರಾದರೂ ಊರಿಗೆ ಬಂದರೆ, ಒಬ್ಬೊಬ್ಬರೇ ರುಜು ಹಾಕಬೇಡಿ. ಸಂಘದವರನ್ನು ಕರೆಯಿರಿ. ಕಾಗದವನ್ನು ಹತ್ತು ಜನರ ಮುಂದೆ ಗಟ್ಟಿಯಾಗಿ ಓದಿಸಿ. ಬೆಲೆ ಎಷ್ಟು, ತೂಕ ಯಾರದು, ತೇವ ನೋಡುವವರು ಯಾರು, ಎತ್ತದೆ ಬಿಟ್ಟರೆ ಏನು ಕೊಡುತ್ತೀಯ, ಈ ನಾಲ್ಕು ಪ್ರಶ್ನೆಗೆ ಬರವಣಿಗೆಯಲ್ಲಿ ಉತ್ತರ ಕೇಳಿ. ಉತ್ತರ ಕೊಡುವವನು ಕೂರಲಿ, ಕೊಡದವನು ಬಂದ ಬಸ್ಸಿನಲ್ಲೇ ಹೋಗಲಿ.

ಕೊನೆಯದಾಗಿ ಆ ಹುಡುಗಿಯ ವಿಷಯ. ಪಿಯುಸಿ ಮುಗಿದ ಕೂಡಲೇ ಗಂಡು ನೋಡುವ ಮಾತೂ ಆ ಮನೆಯಲ್ಲಿ ಎದ್ದಿದೆಯಂತೆ. ಅವಳಿಗೆ ಸಸ್ಯಶಾಸ್ತ್ರ ಓದಬೇಕು ಅಂತ ಆಸೆ. ಬೋರಿನ ಸಾಲಕ್ಕೆ ಅವಳೇನು ಕಾರಣಳಲ್ಲ. ಆ ಸಾಲಕ್ಕೆ ಅವಳ ಓದನ್ನಾಗಲಿ ಅವಳ ಮೂಲೆಯನ್ನಾಗಲಿ ವಜಾ ಹಾಕಬೇಡಿ. ಅಪ್ಪನ ಸಾಲದ ಮಾತನ್ನು ಸಂಘದ ಮುಂದೆ ತನ್ನಿ, ಬ್ಯಾಂಕಿನವರ ಜೊತೆ ಕೂತು ಕಂತು ಮುಂದೂಡಿಸುವ ಕೆಲಸ ನಾವು ಮಾಡೋಣ. ಅದು ದೊಡ್ಡವರ ಜಗಳ, ದೊಡ್ಡವರೇ ಆಡೋಣ.

ಮುಂಗಾರು ಹಿಡಿದಾಗ ಕಡ್ಡಿ ಬೇಗ ಬೇರು ಬಿಡುತ್ತದೆ. ಅಷ್ಟರೊಳಗೆ ಹಿತ್ತಲಿನ ಸಿಮೆಂಟನ್ನು ಒಂದು ಗಜ ಅಗಲವಾದರೂ ಒಡೆಯಿರಿ.